ಎಡಗೈ ಹೊಳೆಮ್ಮ ಮತ್ತು ಎಮ್ಮಿಗನೂರಿನ ಹಣಮಪ್ಪ

ಕಡ್ಡಿರಾಂಪುರದ ಹೊಳೆಮ್ಮನಿಗೆ ದೇವರೆಂದರೆ ಭಯವೂ ಇರಲಿಲ್ಲ, ಅಂಥ ಭಕ್ತಿಯೂ ಇರಲಿಲ್ಲ. ಹೇಗೆ ಇದ್ದೀತು? ಮಲಗಿಸಿದ ಗಣಪತಿಯ ಹೊಟ್ಟೆಯ ಮೇಲೆ ಕೂತು ಅವನ ಸೊಂಡಿಲು ಕಡೆಯುವವಳು ಅವಳು. ಅರೆಬರೆ ಆದ ಲಕ್ಷ್ಮಿಯ ತೊಡೆಯ ಮೇಲೆ ಚಹಾದ ಲೋಟ ಇಡುತ್ತಿದ್ದಳು. ಕಲ್ಲಿನಲ್ಲಿ ಗಂಟು ಸಿಕ್ಕಿ ಉಳಿ ಜಾರಿದರೆ, "ಲೇ ಹಣ್ಮ, ಅಲ್ಲಾಡಬ್ಯಾಡ, ಮೂಗು ಹೋದ್ರ ನಿನ್ನ ಯಾರೂ ಕೊಳ್ಳಂಗಿಲ್ಲ, ಮನ್ಯಾಗ ಬಿದ್ದಿರ್ತೀ," ಎಂದು ಗದರುತ್ತಿದ್ದಳು.

ಅವಳ ಅವ್ವ ಜಂಬಮ್ಮ ಹೊಸಪೇಟೆಯ ಓಣಿಗಳಲ್ಲಿ ತಿರುಗಿ ಸವೆದ ಒರಳಿಗೆ, ಬೀಸುಕಲ್ಲಿಗೆ ಉಳಿಯ ಪೆಟ್ಟು ಹಾಕಿ ಮತ್ತೆ ಒರಟು ಮಾಡಿಕೊಡುತ್ತಿದ್ದಳು. ಬುಟ್ಟಿ ಹೊತ್ತು ಅವ್ವನ ಹಿಂದೆ ನಡೆಯುತ್ತಿದ್ದ ಹೊಳೆಮ್ಮ ಹತ್ತನೇ ವಯಸ್ಸಿಗೇ ಸುತ್ತಿಗೆ ಹಿಡಿದಳು, ಅದೂ ಎಡಗೈಯಲ್ಲಿ. ಜಂಬಮ್ಮ ಹೊಡೆದಳು, ಬೈದಳು, ಎಡಗೈಗೆ ಬಟ್ಟೆ ಕಟ್ಟಿದಳು. ಹುಡುಗಿ ಬಲಗೈಯಲ್ಲಿ ಹೊಡೆದು ಒಬ್ಬರ ಮನೆಯ ಒರಳನ್ನೇ ಸೀಳಿದ ಮೇಲೆ ಅವ್ವನೇ ಬಟ್ಟೆ ಬಿಚ್ಚಿದಳು.

ಮುಂದೆ ಮಿಕ್ಸಿ ಬಂತು, ಒರಳುಗಳು ಹಿತ್ತಲು ಸೇರಿ ಕೋಳಿಗೆ ನೀರಿಡುವ ತೊಟ್ಟಿಯಾದವು. ಹೊಳೆಮ್ಮ ಮಾತ್ರ ಶಿಲ್ಪಿಗಳ ಮನೆಯ ದುರುಗೇಶನನ್ನು ಮದುವೆಯಾಗಿ ಕಡ್ಡಿರಾಂಪುರ ಸೇರಿದಳು. ಮಾವ ಮೊದಲು ಅವಳಿಗೆ ಪೀಠ ಕಡೆಯಲು ಕೊಟ್ಟ. ಅದು ಚೆನ್ನಾಗಿ ಬಂದ ಮೇಲೆ ವಿಗ್ರಹದ ಬೆನ್ನು ಕೊಟ್ಟ. ದೇವರ ಬೆನ್ನನ್ನು ಯಾರು ನೋಡುತ್ತಾರೆ ಎಂಬುದು ಅವನ ಲೆಕ್ಕ. ಹಾಗಾಗಿ ಕಂಪ್ಲಿ ತಾಲೂಕಿನಲ್ಲಿ ಇಂದಿಗೂ ಮುಖಕ್ಕಿಂತ ಬೆನ್ನೇ ಸುಂದರವಾಗಿರುವ ನಾಲ್ಕೈದು ದೇವರು ಇದ್ದಾರೆ.

ಒಂಬತ್ತು ವರ್ಷದ ಹಿಂದೆ ದುರುಗೇಶನ ಬಲಗೈ ನಡುಗಲು ಶುರುವಾಯಿತು. ಹೊಸಪೇಟೆಯ ಡಾಕ್ಟರು ನರದ ತೊಂದರೆ ಎಂದು ಗುಳಿಗೆ ಕೊಟ್ಟರು. ಗುಳಿಗೆಯಿಂದ ನಿದ್ದೆ ಚೆನ್ನಾಗಿ ಬಂತು, ಕೈ ನಡುಗುತ್ತಲೇ ಇತ್ತು. ಒಪ್ಪಿಕೊಂಡಿದ್ದ ಒಂದು ಬಸವಣ್ಣ ಅರ್ಧಕ್ಕೆ ನಿಂತಾಗ ಹೊಳೆಮ್ಮ ಅವನ ಕೈಯಿಂದ ಉಳಿ ಕಸಿದುಕೊಂಡು, "ಸರಿ ಅತ್ಲಾಗ. ನೀ ಮಾತಾಡು, ನಾ ಕಡೀತೀನಿ," ಎಂದಳು.

ಅಂದಿನಿಂದ ಅದೇ ಒಪ್ಪಂದ. ಶೆಡ್ಡಿನ ಮುಂದೆ 'ಶಿಲ್ಪಿ ದುರುಗೇಶ್' ಎಂಬ ಬೋರ್ಡು. ಹಿಂದೆ ತಗಡಿನ ಮರೆಯಲ್ಲಿ ಹೊಳೆಮ್ಮ. ಗಿರಾಕಿಯ ಗಾಡಿ ಸದ್ದು ಕೇಳಿದೊಡನೆ ಅವಳು ಉಳಿ ಇಟ್ಟು ಪೊರಕೆ ಹಿಡಿಯುತ್ತಿದ್ದಳು. ದುರುಗೇಶ ಒಂದು ಹಿಡಿ ಕಲ್ಲಿನ ಪುಡಿ ತೆಗೆದು ಮದುಮಗನಂತೆ ಮುಖಕ್ಕೆ ಬಳಿದುಕೊಂಡು, ಉಳಿ ಹಿಡಿದು ನಿಟ್ಟುಸಿರು ಬಿಡುತ್ತ ಹೊರಗೆ ಬರುತ್ತಿದ್ದ. ಹೆಂಗಸಿನ ಕೈಯಲ್ಲಿ ಮೂರ್ತಿ ಮಾಡಿಸಲು ಯಾವ ಊರೂ ಒಪ್ಪುವುದಿಲ್ಲ, ಎಡಗೈ ಎಂದರೆ ಕೇಳುವುದೇ ಬೇಡ ಎಂದು ಇಬ್ಬರಿಗೂ ಗೊತ್ತಿತ್ತು. ತನಗೆ ಇದರಿಂದ ಏನೂ ಅನ್ನಿಸುವುದಿಲ್ಲ ಎಂದು ಹೊಳೆಮ್ಮ ಹೇಳುತ್ತಿದ್ದಳು. ಆದರೆ ಯಾರಾದರೂ "ಏನ್ ಕೈರೀ ನಿಮ್ದು ದುರುಗೇಶಣ್ಣ!" ಎಂದು ಹೊಗಳಿದ ದಿನ ಮನೆಯ ಸಾರಿಗೆ ಉಪ್ಪು ಜಾಸ್ತಿ ಬೀಳುತ್ತಿತ್ತು.

ಹೋದ ವರ್ಷ ಎಮ್ಮಿಗನೂರಿನ ಗುಡಿ ಸಮಿತಿಯ ಅಧ್ಯಕ್ಷ ನಾಗಭೂಷಣ ನಾಲ್ಕಡಿ ಎತ್ತರದ ಹಣಮಪ್ಪನಿಗೆ ಹೇಳಿಹೋದ. ಕಬ್ಬು ಬೆಳೆಯುವ ಗಟ್ಟಿ ಕುಳ. ಅವನು ಪಿಸುಗುಟ್ಟಿದರೂ ಮೂರು ಹೊಲದಾಚೆ ಕೇಳುತ್ತಿತ್ತು. ಮೂರ್ತಿ ಮುಗಿಯುತ್ತ ಬಂದು ಕಣ್ಣು, ಒಂದಿಷ್ಟು ಪಾಲಿಶ್ ಮಾತ್ರ ಬಾಕಿ ಇದ್ದಾಗ, ಒಂದು ಬೆಳಿಗ್ಗೆ ಅವನು ನೋಡಲು ಬಂದ. ಅದೇ ಹೊತ್ತಿಗೆ ಹೊಸಪೇಟೆಯ ವಾದಿರಾಜಾಚಾರ್ಯರೂ ಬಂದರು. ಅವರು ನಿವೃತ್ತ ಇತಿಹಾಸ ಮೇಷ್ಟರು. ದೇಶವಿದೇಶದ ಕಸುಬುದಾರರನ್ನು ಹಂಪಿಗೆ ಕರೆಸುವ ಹವ್ಯಾಸ ಅವರದು. ಈ ಸಲ ಕಾಂಬೋಡಿಯಾದಿಂದ ಅಣ್ಣತಂಗಿ ಇಬ್ಬರು ಬಂದಿದ್ದರು. ಅಣ್ಣ ಸೊಖಾ ಅಲ್ಲಿನ ಹಳೆಯ ಗುಡಿಗಳ ಒಡೆದ ಶಿಲ್ಪಗಳಿಗೆ ಹೊಸ ತುಂಡು ಕಡೆದು ಕೂಡಿಸುವವನು. ತಂಗಿ ಚಂತಾ ರೇಷ್ಮೆ ನೇಯುವವಳು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತರಲು ಆಚಾರ್ಯರ ಮೊಮ್ಮಗಳು ಅರ್ಚಿತಾ ಜೊತೆಗಿದ್ದಳು.

ದುರುಗೇಶ ಎಂದಿನಂತೆ ಪುಡಿ ಬಳಿದುಕೊಂಡು ಎಲ್ಲರನ್ನೂ "ಬರ್ರಿ, ಕುಂದ್ರಿ" ಎಂದ. ಹೊಳೆಮ್ಮ ಚಹಾ ತಂದಳು. ಸೊಖಾ ಕೂರಲಿಲ್ಲ. ಹಣಮಪ್ಪನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಪಾಲಿಶ್ ಆಗದ ಬಾಲದ ಮೇಲೆ ಹೆಬ್ಬೆರಳು ಆಡಿಸಿದ. ಉಳಿಯ ಗೆರೆಗಳನ್ನು ಒಂದೊಂದಾಗಿ ಮುಟ್ಟಿದ. ಆಮೇಲೆ ಅರ್ಚಿತಾಳ ಹತ್ತಿರ ಏನೋ ಕೇಳಿದ.

"ದುರುಗೇಶ್ ಅವರು ಎಡಚರಾ ಅಂತ ಕೇಳ್ತಿದಾರೆ," ಎಂದಳು ಅರ್ಚಿತಾ. "ಗೆರೆಯೆಲ್ಲಾ ಉಲ್ಟಾ ಕಡೆ ವಾಲಿದೆಯಂತೆ. ಬಲಗೈಯವರು ಹೊಡೆದ್ರೆ ಹಾಗೆ ಬರಲ್ವಂತೆ."

ದುರುಗೇಶನ ಬಲಗೈಯಲ್ಲಿದ್ದ ಚಹಾದ ಬಸಿ ಕಟಕಟ ಸದ್ದು ಮಾಡಿತು. "ಹೂಂ... ಒಮ್ಮೊಮ್ಮೆ ಎಡಗೈಲೆ ಹೊಡೀತೀನ್ರೀ, ಬ್ಯಾಸರಾದ್ರ," ಎಂದ.

ಸೊಖಾನ ಮುಖ ಅರಳಿತು. ಅವನೂ ಎಡಚನಂತೆ! ನೆಲದ ಮೇಲಿದ್ದ ಸುತ್ತಿಗೆ, ಉಳಿ ಎತ್ತಿ ದುರುಗೇಶನಿಗೆ ಕೊಟ್ಟು, ಪಕ್ಕದಲ್ಲಿ ಬಿದ್ದಿದ್ದ ಕಲ್ಲಿನ ತುಂಡು ತೋರಿಸಿದ. ನಾಲ್ಕು ಪೆಟ್ಟು ಹೊಡೆದು ತೋರಿಸಿ, ಎಂಬ ಸ್ನೇಹದ ಸನ್ನೆ. ಪಾಪ, ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ. ದುರುಗೇಶ ಜೀವಮಾನದಲ್ಲಿ ಮೊದಲ ಸಲ ಎಡಗೈಯಲ್ಲಿ ಸುತ್ತಿಗೆ ಹಿಡಿದು, ನಡುಗುವ ಬಲಗೈಯಲ್ಲಿ ಉಳಿ ನಿಲ್ಲಿಸಿ, ಎತ್ತಿ ಹೊಡೆದ. ಪೆಟ್ಟು ಸೀದಾ ಹೆಬ್ಬೆರಳಿಗೆ ಬಿತ್ತು.

"ಯವ್ವಾ ಸತ್ತೆನಬೇ!"

ಹೊಳೆಮ್ಮ ಓಡಿ ಬಂದು ಅವನ ಕೈ ಹಿಡಿದಳು. ಉಗುರು ಆಗಲೇ ಕಪ್ಪಗಾಗುತ್ತಿತ್ತು. ಅವಳು ಬೇಕಾದರೆ ಆಗಲೂ ಏನಾದರೊಂದು ಸುಳ್ಳು ಹೇಳಬಹುದಿತ್ತು, ಸುಳ್ಳಿಗೆ ಅವಳಲ್ಲಿ ಬರವಿರಲಿಲ್ಲ. ಆದರೆ ಮುಖದ ತುಂಬ ಪುಡಿ ಮೆತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಗಂಡನನ್ನು ನೋಡಿ ಅವಳಿಗೆ ಅಯ್ಯೋ ಅನ್ನಿಸಿತು, ನಗುವೂ ಬಂತು.

"ಸಾಕು ಬಿಡಪಾ ನಿನ್ನ ನಾಟಕ," ಎಂದು ಸುತ್ತಿಗೆಯನ್ನು ಎಡಗೈಗೆ ತೆಗೆದುಕೊಂಡು ಕೂತಳು. ಟಣ್ ಟಣ್ ಟಣ್. ಕಲ್ಲಿನ ಮೇಲೆ ಒಂದು ಎಲೆ ಮೂಡಿತು, ಅದಕ್ಕೊಂದು ನರ ಮೂಡಿತು. ಸೊಖಾ ಅವಳ ಪಕ್ಕ ಕೂತು ತನ್ನ ಎಡ ಅಂಗೈಯನ್ನು ಅವಳ ಎಡ ಅಂಗೈಯ ಪಕ್ಕ ಹಿಡಿದ. ಜಡ್ಡುಗಳು ಒಂದೇ ಜಾಗದಲ್ಲಿದ್ದವು.

ನಾಗಭೂಷಣ ಎದ್ದು ನಿಂತ. "ಅಂದ್ರ... ನಮ್ಮ ಹಣಮಪ್ಪನ್ನ ಕಡದಾಕಿ ನೀನಾ?"

"ಮತ್ಯಾರು, ನಿಮ್ಮಪ್ಪನಾ?"

"ಹೆಂಗಸು! ಅದೂ ಎಡಗೈಲೆ! ಅಂವ ಬ್ರಹ್ಮಚಾರಿ ಅದಾನಬೇ!"

"ಅದಾನಲ್ಲ, ಯಾರು ಬ್ಯಾಡಂದ್ರು? ಮೂರು ತಿಂಗಳಿಂದ ಮೈಯೆಲ್ಲಾ ಮುಟ್ಟೇನಿ. ಅಂವ ಒಂದು ಮಾತು ಅಂದಿಲ್ಲ. ನಿನಗ್ಯಾಕ ಉರಿ?"

ಜಗಳ ಏತಕ್ಕೆಂದು ಸೊಖಾ ಕೇಳಿದ. ಅರ್ಚಿತಾ ವಿವರಿಸಿದಳು. ಅವನು ಅಚ್ಚರಿಯಿಂದ ಉದ್ದಕ್ಕೆ ಏನೋ ಹೇಳಿದ. ಅರ್ಚಿತಾಳ ಕಿವಿ ಕೆಂಪಾಯಿತು. "ಅದನ್ನ ಹೇಳೋದು ಬೇಡ ಬಿಡಿ," ಎಂದಳು.

"ಹೇಳ ತಂಗಿ, ಹೇಳು," ಎಂದಳು ಹೊಳೆಮ್ಮ.

"ಅವರ ರಾಮಾಯಣದಲ್ಲಿ... ಹನುಮಂತ ಸೇತುವೆ ಕಟ್ಟುವಾಗ ಒಬ್ಬಳು ಮತ್ಸ್ಯಕನ್ಯೆ ಕಲ್ಲು ಕದೀತಾಳಂತೆ. ಹಿಡಿಯೋಕೆ ಹೋಗಿ ಅವಳ ಮೇಲೆ ಮನಸ್ಸಾಯ್ತಂತೆ. ಮಗನೂ ಇದಾನಂತೆ."

ವಾದಿರಾಜಾಚಾರ್ಯರು ದಿನಾ ಮುಖ್ಯಪ್ರಾಣನಾದ ಹನುಮಂತನಿಗೆ ನೈವೇದ್ಯವಿಲ್ಲದೆ ಊಟ ಮಾಡುವವರಲ್ಲ. ಅವರು ಎರಡೂ ಕಿವಿ ಮುಚ್ಚಿಕೊಂಡು ಹೊರಗಿನ ಬೇವಿನ ಮರ ನೋಡತೊಡಗಿದರು. ಹೊಳೆಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಭಲೇ! ಆ ಊರಾಗ ಸಂಸಾರ ಮಾಡ್ಕೊಂಡು ಮಸ್ತ್ ಅದಾನ. ಇಲ್ಲಿ ಪಾಪ ಒಬ್ಬಂಟಿಯಾಗಿ ಗುಡ್ಡ ಹತ್ತಿ ಕುಂತಾನ!"

ನಾಗಭೂಷಣ ಆಚಾರ್ಯರ ಕಡೆ ತಿರುಗಿದ. "ಆಚಾರ್ರ, ನೀವರ ಹೇಳ್ರಿ. ಶಾಸ್ತ್ರದಾಗ ಇದು ನಡೀತೈತೇನ್ರೀ?"

ಆಚಾರ್ಯರು ನಿಧಾನವಾಗಿ ಕಿವಿಯಿಂದ ಕೈ ತೆಗೆದರು. "ನಮ್ಮ ಮನೆ ಒರಳಿಗೆ ಇವಳ ತಾಯಿ ಮೂವತ್ತು ವರ್ಷ ಪೆಟ್ಟು ಹಾಕಿದಾಳೆ. ಆ ಒರಳಲ್ಲಿ ರುಬ್ಬಿದ್ದನ್ನೇ ನಮ್ಮ ಪ್ರಾಣದೇವರು ತಿಂದಿದಾನೆ. ನನ್ನ ಕೇಳಬೇಡಪ್ಪ."

"ಇನ್ನೊಂದು ಕೇಳು ಅಧ್ಯಕ್ಷ," ಎಂದಳು ಹೊಳೆಮ್ಮ, ಈಗ ನಗು ನಿಲ್ಲಿಸಿ. "ನಿಮ್ಮೂರ ಕೆರಿ ದಂಡಿ ಮ್ಯಾಲಿನ ನಾಗರಕಲ್ಲು ನಂದು. ನಿನ್ನ ಸೊಸಿ ಅದನ್ನ ಸುತ್ತಿ ಸುತ್ತಿನ ಬಸುರಾದ್ಲು ಅಂತ ಊರೆಲ್ಲಾ ಪೇಡೆ ಹಂಚಿದಿ. ಆ ಕೂಸೂ ವಾಪಸ್ ಕೊಡ್ತೀಯೇನು?"

ನಾಗಭೂಷಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪ್ರತಿಷ್ಠಾಪನೆಗೆ ಉಳಿದದ್ದು ಹನ್ನೆರಡು ದಿನ, ಬೇರೆ ಮೂರ್ತಿ ಎಲ್ಲೂ ಸಿಗುವುದಿಲ್ಲ. ಮೂರ್ತಿ ಬೇಡ ಎನ್ನದೆ ಗಾಡಿ ಹತ್ತಿ ಹೊರಟುಹೋದ.

ಅತಿಥಿಗಳು ಮತ್ತೆರಡು ದಿನ ಬಂದರು. ಸೊಖಾ ಮತ್ತು ಹೊಳೆಮ್ಮ ಅರ್ಚಿತಾಳ ಹಂಗಿಲ್ಲದೆ ಉಳಿಯ ಮೊನೆ ತೋರಿಸಿಯೇ ಮಾತಾಡಿಕೊಂಡರು. ಹೊರಡುವಾಗ ಚಂತಾ ಒಂದು ರೇಷ್ಮೆ ವಸ್ತ್ರ ಕೊಟ್ಟಳು. ನೇಯುವ ಮುಂಚೆಯೇ ನೂಲನ್ನು ಅಲ್ಲಲ್ಲಿ ಬಿಗಿದು ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ, ಕಟ್ಟಿದ ಜಾಗಕ್ಕೆ ಬಣ್ಣ ಹತ್ತುವುದಿಲ್ಲ, ಹಾಗೇ ಚಿತ್ರ ಬರುತ್ತದೆ ಎಂದು ಬೆರಳು ಮಡಿಸಿ ತೋರಿಸಿದಳು. ಹೊಳೆಮ್ಮ ಅದನ್ನು ಸವರಿ ನೋಡಿ, ಮೂಸಿ ನೋಡಿ, ಒಂದೇ ಸಲಕ್ಕೆ ತಲೆಗೆ ರುಮಾಲು ಸುತ್ತಿಕೊಂಡಳು. "ಧೂಳಿಗೆ ಚಲೋ ಆತು."

"ಅಯ್ಯೋ ಹೊಳೆಮ್ಮ, ಮೂರು ತಿಂಗಳು ನೇಯ್ದಿದಾರೆ!" ಎಂದು ಅರ್ಚಿತಾ ಕೂಗಿದಳು. ಚಂತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ರುಮಾಲಿನ ಗಂಟನ್ನು ತಾನೇ ಸರಿಮಾಡಿದಳು.

ಅವರು ವಿಮಾನ ಹತ್ತಿದ ಮಾರನೇ ದಿನ ದುರುಗೇಶ ಮೊಬೈಲು ಹಿಡಿದು, ಹೇಳಲೋ ಬೇಡವೋ ಎಂದು ಬಂದ. ಎಮ್ಮಿಗನೂರಿನವರ ವಾಟ್ಸ್ಯಾಪ್ ಗುಂಪಿನಲ್ಲಿ ನಾಗಭೂಷಣ ಒಂದು ಫೋಟೋ ಹಾಕಿದ್ದ. ಹಣಮಪ್ಪನ ಪಕ್ಕ ಸೊಖಾ ಕೂತಿದ್ದಾನೆ. ಕೆಳಗೆ 'ನಮ್ಮೂರ ಸ್ವಾಮಿ, ಕಾಂಬೋಡಿಯಾ ಶಿಲ್ಪಿಯ ಕೈಚಳಕ' ಎಂದು ಬರೆದಿತ್ತು. ಊರವರು ಕೈಮುಗಿದ ಗುರುತು ಸಾಲುಸಾಲಾಗಿ ಹಾಕಿದ್ದರು.

ಹೊಳೆಮ್ಮ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, "ಕಣ್ಣು ನಾ ಮಾಡಂಗಿಲ್ಲ. ಕಾಂಬೋಡಿಯಾದಂವನ ಬಂದು ಮಾಡ್ಲಿ," ಎಂದಳು.

ಹಣಮಪ್ಪ ಕಣ್ಣಿಲ್ಲದೆಯೇ ಟ್ರ್ಯಾಕ್ಟರ್ ಹತ್ತಿ ಎಮ್ಮಿಗನೂರು ಸೇರಿದ. ಗಂಡಹೆಂಡತಿಯೂ ಅದೇ ಟ್ರ್ಯಾಕ್ಟರಿನಲ್ಲಿ ಹೋದರು. ಹೊಳೆಮ್ಮ ಹೆಂಗಸರ ನಡುವೆ ಕೂತು ಎಲೆ ಅಡಿಕೆ ಹಾಕಿಕೊಂಡಳು. ಹೋಮವಾಯಿತು, ಮಂತ್ರವಾಯಿತು. ಕಂಪ್ಲಿಯಿಂದ ಬಂದಿದ್ದ ಪುರೋಹಿತ ಮಧ್ವೇಶ ತೆರೆ ಸರಿಸಿ ಇಣುಕಿ ನೋಡಿ ಗಾಬರಿಯಾದ. "ಕಣ್ಣೇ ಇಲ್ಲವಲ್ರೀ! ಶಿಲ್ಪಿಗಳೆಲ್ಲಿ? ಕಣ್ಣು ತೆರೆಸೋದು ಅವರೇ ಆಗಬೇಕು. ಮುಹೂರ್ತ ಮೀರುತ್ತೆ!"

ನಾಗಭೂಷಣ ಜನರ ನಡುವೆ ನುಸುಳಿ ಬಂದು ಬಗ್ಗಿದ. ಈ ಸಲ ಅವನ ಪಿಸುಮಾತು ನಿಜವಾಗಿ ಪಿಸುಮಾತೇ ಆಗಿತ್ತು. "ಹೊಳೆಮ್ಮಕ್ಕಾ, ಏಳಬೇ. ಮರ್ಯಾದಿ ಹೋಗತೈತಿ."

"ಮೈಕ್‌ನ್ಯಾಗ ಕರಿ."

ಅವನು ಹೋಗಿ ಮೈಕು ಹಿಡಿದ. ಗಂಟಲು ಸರಿಮಾಡಿಕೊಂಡ. "ಶಿಲ್ಪಿ ದುರುಗೇಶ್ ಅವರ ಧರ್ಮಪತ್ನಿಯವರು ವೇದಿಕೆಗೆ ಬರಬೇಕು."

ಹೊಳೆಮ್ಮ ಅಡಿಕೆ ಅಗಿಯುತ್ತ ಕೂತೇ ಇದ್ದಳು. ಪಕ್ಕದಲ್ಲಿದ್ದ ರೇಣುಕಮ್ಮ, ನಾಗಭೂಷಣನ ಸೊಸೆ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಮುಖವನ್ನೂ ಮಾವನ ಮುಖವನ್ನೂ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಮಾವಾರ, ಆಯಮ್ಮಗ ಹೆಸರಿಲ್ಲೇನು?" ಎಂದಳು.

ಮೈಕು ಒಮ್ಮೆ ಕಿರ್ರೆಂದಿತು. "ಈ ಮೂರ್ತಿ ಕಡೆದ... ಶಿಲ್ಪಿ ಹೊಳೆಮ್ಮ ಬರಬೇಕು."

ಜನ ಗುಸುಗುಸು ಎಂದರು. ಹೊಳೆಮ್ಮ ಎದ್ದು ಸೀರೆ ಕೊಡವಿ, ಬಾಯಿ ಮುಕ್ಕಳಿಸಿ, ತೆರೆಯ ಒಳಗೆ ಹೋದಳು. ಅವಳು ಜೊತೆಗೆ ತಂದಿದ್ದ ಉಳಿಗಂಟು ಬಿಚ್ಚಿ ಎಡಗೈಗೆ ಸುತ್ತಿಗೆ ತೆಗೆದುಕೊಂಡಿದ್ದು ಕಂಡು ಮಧ್ವೇಶ, "ಅಮ್ಮಾ, ಬಲಗೈ, ಬಲಗೈ," ಎಂದ.

"ಬಲಗೈಲೆ ಹೊಡದ್ರ ಸ್ವಾಮಿ ಮೆಳ್ಳಗಣ್ಣ ಆಕ್ಕಾನ್ರೀ. ಆಮ್ಯಾಲೆ ಊರ ಕಡಿ ನೋಡೋ ಬದ್ಲಿ ಸಂಡೂರ ಕಡಿ ನೋಡ್ಕೊಂತ ಕುಂತ್ರ ನನ್ನ ಬೈಬ್ಯಾಡ್ರಿ."

ಮಧ್ವೇಶ ಗಡಿಯಾರ ನೋಡಿ, ಕಣ್ಣು ಮುಚ್ಚಿ ಮಂತ್ರ ಮುಂದುವರಿಸಿದ.

ಹೊಳೆಮ್ಮ ಹಣಮಪ್ಪನ ಮುಖಕ್ಕೆ ಮುಖ ತಂದಳು. ಪೆಟ್ಟುಗಳು ಈಗ ಬಹಳ ಸಣ್ಣವು, ಹೊರಗಿನವರಿಗೆ ಕೇಳುವಂಥವಲ್ಲ. ಎರಡನೇ ಕಣ್ಣಿನ ಕೊನೆಯ ಗೆರೆ ಎಳೆಯುವಾಗ ಅವಳು ಮೆಲ್ಲಗೆ, "ನೋಡಲೇ, ಹೊರಗ ಭಾಳ ಮಂದಿ ನಿಂತಾರ. ಎಲ್ಲಾರೂ ಏನರ ಬೇಡ್ತಾರ. ಬ್ಯಾಸರಾ ಮಾಡ್ಕೋಬ್ಯಾಡ," ಎಂದಳು. ಕಲ್ಲಿನ ಪುಡಿಯನ್ನು ಊದಿದಳು. ದೇವರ ಮೊದಲ ನೋಟಕ್ಕೆ ಎದುರಿಗೆ ಕನ್ನಡಿ ಹಿಡಿಯಬೇಕೆಂದು ಮಧ್ವೇಶ ಅವಳನ್ನು ಪಕ್ಕಕ್ಕೆ ಸರಿಸಿದ. ಅವಳು ತೆರೆಯಿಂದ ಹೊರಗೆ ಬಂದಾಗ ಕಣ್ಣು ಒದ್ದೆಯಾಗಿದ್ದವು. ಯಾರೋ ಕೇಳಿದ್ದಕ್ಕೆ, "ಪುಡಿ ಬಿತ್ತು," ಎಂದಳು. ದುರುಗೇಶನ ಕಣ್ಣೂ ಒದ್ದೆಯಾಗಿದ್ದವು. ಅವನು ಆ ದಿನ ಪುಡಿಯ ಹತ್ತಿರವೇ ಹೋಗಿರಲಿಲ್ಲ.

ಮಧ್ಯಾಹ್ನ ವಾಪಸಾಗುವಾಗ ಕಂಪ್ಲಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಮಂಡಕ್ಕಿ ಮಿರ್ಚಿ ತಿನ್ನಲು ಕೂತರು. ಅಂಗಡಿಯವನಿಗೆ ದುರುಗೇಶನ ಪರಿಚಯ ಹಳೆಯದು. "ಏನ್ರೀ ಶಿಲ್ಪಿಗಳ, ಎಮ್ಮಿಗನೂರಿಗೆ ದೇವರ್ನ ಕುಂದ್ರಿಸಿ ಬಂದ್ರೇನು?" ಎಂದು ಬಾಣಲೆಯ ಹಿಂದಿನಿಂದ ಕೂಗಿದ.

ದುರುಗೇಶ ಕಪ್ಪಗಾದ ಹೆಬ್ಬೆರಳಿನಿಂದ ಹೆಂಡತಿಯ ಕಡೆ ತೋರಿಸಿದ. "ಶಿಲ್ಪಿ ಅಕಿ. ನಾ ಬರೇ ಪಾಲಿಶ್ ಮಾಡಾಂವ."

ಹೊಳೆಮ್ಮ ಮಿರ್ಚಿ ಕಚ್ಚಿ, ಖಾರಕ್ಕೆ ಉಸ್ಸೆಂದು, "ಅದೂ ನೆಟ್ಟಗ ಬರಂಗಿಲ್ಲ ಈ ಮನಿಶ್ಯಾಗ," ಎಂದು ಅವನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದಳು.