ಬಾಜೂ ಸೀಟಿನ ತಂಪು

ಇಚಲಕರಂಜಿಯೊಳಗ ಮಗ್ಗದ ಬಿಡಿಭಾಗ ಮಾರೂ ನಾನು, ದಿನಾ ಒಬ್ಬಂಟಿಯಾಗಿ ಕಾರ್ ಹೊಡಕೊಂಡು ಊರೂರು ತಿರಗತೇನಿ. ಹೋದ ದೀಪಾವಳಿಗೆ ತಗೊಂಡ ಹೊಸಾ ಗಾಡಿ, ಬ್ಯಾಸಿಗಿ ಬರೂದ್ರಾಗ ಏಸಿ ಬಿಸಿ ಗಾಳಿ ಬಿಡಾಕತ್ತಿತು. ಎರಡು ಸಲ ಕೊಲ್ಹಾಪುರದ ಸರ್ವಿಸ್ ಸೆಂಟರಿಗೆ ಹೋದೆ. ಎರಡೂ ಸಲ ಮೆಕ್ಯಾನಿಕ್ ಗ್ಯಾಸ್ ತುಂಬಿದ, ನನ್ನ ಬಾಜೂಕ ಕುಂತು ಒಂದು ಚಕ್ಕರ್ ಹೊಡೆಸಿದ. "ಏಕದಮ್ ಗಾರ ಆಹೇ, ಕಾಕಾ! ಬರ್ಫದಂಗ ತಂಪ ಐತ್ರಿ. ನಿಮಗ ಸೆಕಿ ಜಾಸ್ತಿ ಆಗಾಕತ್ತೈತಿ ಕಾಣಸ್ತೈತಿ" ಅಂದು ವಾಪಸ್ ಕಳಿಸಿದ.

ಮೂರನೇ ಸಲ ನನಗ ಸಿಟ್ಟು ಬಂತು. "ನೀನ ಹೊಡಿಯಪ್ಪಾ, ನಾ ಬಾಜೂಕ ಕುಂದರತೇನಿ" ಅಂದೆ.

ಅಂವ ಗಡಹಿಂಗ್ಲಜದಾಂವ, ಮಾತುಗಾರ. ಗೋಕುಳ ಶಿರಗಾಂವ ಮುಟ್ಟೂದ್ರಾಗ ಅವನ ಅಂಗಿ ಬೆವತು ಬೆನ್ನಿಗೆ ಅಂಟಿತ್ತು. ನನ್ನ ಮಾರಿಗೆ ಮಾತ್ರ ಚಂದಂಗ ಥಂಡ ಗಾಳಿ ಬಡಿಯಾಕತ್ತಿತ್ತು.

"ಡ್ರೈವರ್ ಕಡೆ ಅಷ್ಟ ಬಿಸಿ ಬರತೈತಲ್ರಿ ಕಾಕಾ! ಇಷ್ಟು ದಿನಾ ಬಾಜೂಕ ಕುಂತಾವ್ರು ಒಬ್ಬರರ ಹೇಳಬೇಕಿಲ್ಲೇನ್ರಿ, ತಮ್ಮ ಕಡೆ ತಂಪೈತಿ ಅಂತ?"

ಅಂವ ನಾ ಕುಂತ ಸೀಟು ನೋಡಿದ. ಶೋರೂಮಿನ ಪ್ಲಾಸ್ಟಿಕ್ ಹಾಳಿ ಇನ್ನೂ ಹಂಗ ಇತ್ತು, ನಾ ಅಲುಗಾಡಿದಂಗೆಲ್ಲಾ ಚರಚರ ಅಂತಿತ್ತು. ಅಷ್ಟು ಮಾತಾಡಾಂವ, ಸೆಂಟರ್ ಮುಟ್ಟೂ ತನಕಾ ಬಾಯಿ ಬಿಡಲಿಲ್ಲ.

ರಿಪೇರಿ ಆತು. ಈಗ ಎರಡೂ ಕಡೆ ತಂಪೈತಿ. ಎಡಗಡೆ ಖಾಲಿ ಸೀಟಿನ ಮುಂದಿನ ಏಸಿ ಜಾಳಿಗಿ ಮುಚ್ಚಿದ್ರ ಆ ಗಾಳಿನೂ ನನ್ನ ಕಡೆನ ಬರತೈತಿ ಅಂತ ಅಂವ ತೋರಿಸಿಕೊಟ್ಟಾನ. ನಾ ಮುಚ್ಚಿಲ್ಲ. ಡೀಸೆಲ್ ನಂದ ಅಲ್ಲೇನ್ರಿ, ಬೀಸಲಿ ಬಿಡ್ರಿ.