ಮನೆಯತ್ತ ಸರಿಯುವ ಗುಡ್ಡ

ಕಿರ್ಗಿಜ್ ನಾಡಿನ ಉಜ್ಗೆನ್ ಕಡೆ ಗುಡ್ಡ ಕುಸಿಯುವುದು ಹೊಸತಲ್ಲ. ಬುರುಲ್ಚಾಳ ಗಂಡ ಸಾಗಿನ್ ಹಾಗೆಯೇ ಹೋದ. ಮಳೆ ಹಿಡಿದ ಒಂದು ವಸಂತದಲ್ಲಿ, ತಪ್ಪಿಸಿಕೊಂಡ ಕುದುರೆ ಹುಡುಕಲು ಹತ್ತಿದವನ ಮೇಲೆ ಇಳಿಜಾರು ಜಾರಿತು. ಅಗೆದಷ್ಟೂ ಮಣ್ಣು ಇಳಿಯುತ್ತಲೇ ಇತ್ತು. ಕೊನೆಗೆ ಮುಲ್ಲಾ ಗುಡ್ಡದ ಬುಡದಲ್ಲಿ ನಿಂತು ಪ್ರಾರ್ಥನೆ ಓದಿ, ಇಡೀ ಇಳಿಜಾರೇ ಅವನ ಗೋರಿ ಎಂದುಬಿಟ್ಟ.

ಅಂದಿನಿಂದ ಬುರುಲ್ಚಾ ಪ್ರತಿ ಗುರುವಾರ ಎಣ್ಣೆ ಕಾಯಿಸಿ, ನಾದಿದ ಹಿಟ್ಟಿನ ಪುಟ್ಟ ತುಂಡುಗಳ ಬೊರ್ಸೋಕ್ ಕರಿಯುತ್ತಾಳೆ. ಸತ್ತವರು ಉಣ್ಣುವುದು ಆ ವಾಸನೆಯನ್ನೇ. ಬಾಗಿಲು ಮಾತ್ರ ತೆರೆದಿರಬೇಕು.

ಒಂದು ಬೇಸಿಗೆಯಲ್ಲಿ, ಭೂಕುಸಿತದ ಮೇಲೆ ಕಣ್ಣಿಡುವ ಕಚೇರಿಯ ಮೇರಿಮ್ ಬಂದಳು. ಮೂರು ತಗಡು ಸೇರಿಸಿದ ಮೂಲೆಯೊಂದನ್ನು ಆಕಾಶಕ್ಕೆ ಮುಖ ಮಾಡಿ ಇಳಿಜಾರಿನಲ್ಲಿ ನೆಡಿಸಿದಳು. ಮೇಲಿನಿಂದ ಗುಡ್ಡದ ಚಿತ್ರ ತೆಗೆಯುವ ಉಪಗ್ರಹ ಯಾವುದೋ ಸಿರಿವಂತ ದೇಶಗಳದ್ದು. ಅದರ ಚಿತ್ರ ಇವರಿಗೂ ಪುಕ್ಕಟೆ. ಅದು ಹಾದುಹೋಗುವಾಗ ಈ ತಗಡು ಚಿತ್ರದಲ್ಲಿ ಚುಕ್ಕಿಯಾಗಿ ಹೊಳೆಯುತ್ತದೆ, ಗುಡ್ಡ ಉಗುರಿನಷ್ಟು ಸರಿದರೂ ತಿಳಿಯುತ್ತದೆ. ಸುತ್ತಲಿನ ಹುಲ್ಲು, ಹಿಮ ತೆಗೆಯುವ ಕೆಲಸವನ್ನು ಬುರುಲ್ಚಾ ಕೇಳಿ ಪಡೆದಳು. ಗಂಡ ಮಲಗಿದ ಜಾಗವನ್ನು ಯಾರಾದರೂ ನೋಡುತ್ತಿರುತ್ತಾರಲ್ಲ.

ಎಲೆ ಉದುರುವ ಹೊತ್ತಿಗೆ ಚುಕ್ಕಿ ಮಂಕಾಯಿತು. ಮೇರಿಮ್ ಏದುಸಿರು ಬಿಡುತ್ತ ಹತ್ತಿ ಬಂದು ನೋಡಿದರೆ, ತಗಡಿಗೆ ಹರಕೆಯ ಬಟ್ಟೆಚೂರುಗಳು, ಒಳಗೆ ಬೊರ್ಸೋಕ್ ತುಂಬಿದ ಕಬ್ಬಿಣದ ಬೋಗುಣಿ, ಪಕ್ಕದಲ್ಲಿ ಹುಲ್ಲು ಕೀಳುತ್ತ ಬುರುಲ್ಚಾ.

“ಅಪಾ,” ಎಂದಳು ಮೇರಿಮ್; ಅಮ್ಮನ ವಯಸ್ಸಿನವರನ್ನು ಅಲ್ಲಿ ಕರೆಯುವುದೇ ಹಾಗೆ. “ಇದೇನು ದರ್ಗಾ ಅಂದ್ಕೊಂಡ್ರಾ?”

“ಅಷ್ಟು ಮೇಲಿಂದ ನೋಡೋನಿಗೂ ಹಸಿವಾಗಲ್ವೇನೆ?”

“ನಿಮ್ಮ ಬೋಗುಣಿ ಅವನ ಕಣ್ಣಿಗೇ ಮಣ್ಣೆರಚಿದೆ.”

“ತಿಂದ್ಕೊಂಡು ಬೈಯಿ.”

ಮೇರಿಮ್ ತಿಂದಳು. ಆಮೇಲೆ ಮೆಲ್ಲಗೆ ಹೇಳಿದಳು: “ಮಂಕಾಗೋ ಮೊದ್ಲೇ ಚುಕ್ಕಿ ಸರೀತಿತ್ತು ಅಪಾ. ಗುಡ್ಡ ಇಳೀತಿದೆ. ಹಿಮ ಕರಗೋದ್ರೊಳಗೆ ನೀವು ಮನೆ ಬಿಡ್ಬೇಕು.”

“ಯಾವ ಕಡೆ ಇಳೀತಿದೆ?”

ಮೇರಿಮ್ ಕೈ ತೋರಿಸಿದಳು. ಕೆಳಗೆ, ಬುರುಲ್ಚಾಳ ಮನೆಯ ಹೊಗೆಯ ಕಡೆಗೆ.

ಬುರುಲ್ಚಾ ಬೋಗುಣಿಯನ್ನು ಎತ್ತಿ ಕಂಕುಳಿಗಿಟ್ಟುಕೊಂಡಳು. “ಹಾಗಾದ್ರೆ ಅವ್ನು ಮನೆಗೆ ಬರ್ತಿದಾನೆ.”

ಚಳಿಗಾಲ ಬಂತು. ನೆರೆಯವರೆಲ್ಲ ಬಯಲಿನ ಹೊಸ ಊರಿಗೆ ಹೋದರು. ಬುರುಲ್ಚಾ ಉಳಿದಳು. ಗೋಡೆಯಾಚೆ, ಹಿಮದಡಿಯಲ್ಲಿ, ಯಾರೋ ಮಗ್ಗುಲು ಬದಲಿಸಿದಂಥ ಸದ್ದು. ಬಾಗಿಲ ಚೌಕಟ್ಟು ಓರೆಯಾಗಿ, ಮುಚ್ಚಿದ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಅವಳು ಎದ್ದು ಮುಚ್ಚುತ್ತಿರಲಿಲ್ಲ. ಚಹಾ ಬಗ್ಗಿಸುವಾಗ ಇನ್ನೊಂದು ಬಟ್ಟಲನ್ನೂ ಇಡುತ್ತಿದ್ದಳು.

ಹಿಮ ಮೆತ್ತಗಾಗತೊಡಗಿದಾಗ ಮೇರಿಮ್ ಮತ್ತೆ ಬಂದಳು.

“ಅವ್ನು ಬಂದಾಗ ನಾನೇ ಇಲ್ದಿದ್ರೆ?” ಎಂದಳು ಬುರುಲ್ಚಾ.

“ನೀವೂ ಮಣ್ಣಡಿ ಸೇರಿದ್ರೆ ಗುರುವಾರ ಎಣ್ಣೆ ಕಾಯ್ಸೋರು ಯಾರು ಅಪಾ? ಇಬ್ರೂ ಹಸ್ಕೊಂಡಿರ್ತೀರಾ?”

ಆ ಮಾತಿಗೆ ಅವಳು ಸೋತಳು. ಬಾಣಲೆ ಹೊತ್ತು ಹೊರಟಳು. ಒಲೆಯಲ್ಲಿ ಸೌದೆ ಜೋಡಿಸಿಟ್ಟು, ಬಾಗಿಲು ತೆರೆದಿಟ್ಟು.

ಹೊಸ ಊರಿನಿಂದ ಗುರುವಾರ ಗುರುವಾರ ಮೇರಿಮ್‌ಗೆ ಫೋನು ಮಾಡುವಳು.

“ಎಲ್ಲಿಗೆ ಬಂದ?”

“ಇನ್ನೊಂದು ಬೆರಳಷ್ಟು.”

“ಮೊದ್ಲಿಂದ್ಲೂ ನಿಧಾನಾನೇ ಅವ್ನು.”

ಒಂದು ಸಲ ಮೇರಿಮ್ ತಾನೇ ಫೋನು ಮಾಡಿದಳು. ಹೊಸ ಚಿತ್ರದಲ್ಲಿ ಚುಕ್ಕಿ ಇರಲಿಲ್ಲ. ಮನೆಯೂ ಇರಲಿಲ್ಲ.

“ಬಾಗಿಲು ತೆರೆದೇ ಇತ್ತು,” ಎಂದಳು ಬುರುಲ್ಚಾ. ಆಮೇಲೆ, “ಈ ಹೊಸ ಮನೆ ದಾರಿ ಅವ್ನಿಗೆ ಗೊತ್ತಿಲ್ವಲ್ಲೇ,” ಎಂದಳು.

ಅಂದು ಗುರುವಾರವಾಗಿರಲಿಲ್ಲ. ಆದರೂ ಎಣ್ಣೆ ಕಾಯಲಿಟ್ಟಳು. ಹೊಸ ಮನೆಯ ಬಾಗಿಲು ತಾನಾಗಿ ತೆರೆದುಕೊಳ್ಳುವಂಥದ್ದಲ್ಲ. ಕಲ್ಲು ತಂದು, ಅದು ಮುಚ್ಚದಂತೆ ಅಡ್ಡ ಇಟ್ಟಳು.