ಟೆಸ್ಟರಣ್ಣನ ಮನೆಯ ಸಿಂಕು

ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಳ್ಳುವುದರಿಂದ ಬೀದಿಯವರು ಅವನಿಗೆ ಟೆಸ್ಟರಣ್ಣ ಎಂದೇ ಹೆಸರಿಟ್ಟಿದ್ದಾರೆ. ಸಿಂಕಿನ ಕೆಳಗೆ ಕೂತು ಸಿಪ್ಪೆ, ಎಂಜಲು ಅರೆಯುವ ಗ್ರೈಂಡರ್ ಕೆಟ್ಟರೆ ಅವನಿಗೇ ಕರೆ. ಯಂತ್ರ ‘ಗುಂಯ್’ ಎಂದು ನಿಂತರೆ ಗಂಟಲಲ್ಲಿ ಏನೋ ಸಿಕ್ಕಿದೆ. ಉಸಿರೇ ಎತ್ತದಿದ್ದರೆ ಕರೆಂಟೇ ಬಂದಿಲ್ಲ, ತಂತಿ ನೋಡಬೇಕು. ಇದು ಅವನು ಎಲ್ಲರಿಗೂ ಒಪ್ಪಿಸುವ ಪಾಠ. ಆದರೂ ಯಾವ ಮನೆಗೆ ಹೋದರೂ ಮೊದಲ ಪ್ರಶ್ನೆ, “ಏನು ಹಾಕಿದ್ರಿ ಇದಕ್ಕೆ?” ಮನೆಯವರು ಕಳ್ಳತನ ಮಾಡಿದವರಂತೆ ನೆಲ ನೋಡುತ್ತಾರೆ, ಇವನ ಕೆಲಸಕ್ಕೆ ತೂಕ ಬರುತ್ತದೆ.

ಹೋದ ವಾರ ಅವನ ಮನೆಯ ಗ್ರೈಂಡರೇ ಬಾಯಿ ಮುಚ್ಚಿತು. ಜೊತೆಯಲ್ಲೇ ಇರುವ ಅತ್ತೆ, ಅಂದರೆ ಹೆಂಡತಿಯ ತಾಯಿ, ಪಾತ್ರೆ ತೊಳೆಯುತ್ತಿದ್ದರು. ಹಸಿದು ಬಂದಿದ್ದ ಟೆಸ್ಟರಣ್ಣ ಚಪ್ಪಲಿ ಬಿಡುವ ಮೊದಲೇ ಕೇಳಿದ:

“ಏನು ಹಾಕಿದ್ರಿ ಅತ್ತೆ ಇದಕ್ಕೆ?”

“ಸಿಪ್ಪೆ ಅಷ್ಟೇ ಅಳಿಯಂದ್ರೆ.”

“ಚಮಚ ನುಂಗಿಸಿರ್ತೀರಿ. ಕಣ್ಣು ಕಾಣದಿದ್ರೆ ಅಡುಗೆಮನೆ ಉಸಾಬರಿ ಯಾಕೆ?”

ಮರುದಿನದಿಂದ ಅತ್ತೆ ತಮ್ಮ ತಟ್ಟೆ, ಲೋಟ ಬಚ್ಚಲಲ್ಲಿ ತೊಳೆಯತೊಡಗಿದರು. ಊರವರ ಗ್ರೈಂಡರುಗಳ ನಡುವೆ ಇವನಿಗೆ ಸ್ವಂತದ್ದಕ್ಕೆ ಪುರುಸೊತ್ತಾಗಲಿಲ್ಲ. ಭಾನುವಾರ ನೋಡಿದರೆ ಬಾಗಿಲ ಬಳಿ ಅತ್ತೆಯ ಬ್ಯಾಗು.

“ಅಮ್ಮ ಅಕ್ಕನ ಮನೇಲೇ ಇರ್ತಾಳಂತೆ ಕಣ್ರೀ,” ಎಂದಳು ಹೆಂಡತಿ. “ಅಲ್ಲಿ ಸಿಂಕಿಗೆ ಬರೀ ತೂತು. ಬೈಸೋ ಯಂತ್ರ ಇಲ್ಲ.”

ಚಮಚ ತೆಗೆದು ತೋರಿಸಿದರೆ ತನ್ನ ಮಾನವಾದರೂ ಉಳಿದೀತೆಂದು ಟೆಸ್ಟರಣ್ಣ ಟಾರ್ಚ್ ಬಿಟ್ಟು ನೋಡಿದ. ಗಂಟಲು ಖಾಲಿ. ತಳದ ಕೆಂಪು ರೀಸೆಟ್ ಬಟನ್ ಒತ್ತಿ ಸ್ವಿಚ್ ಹಾಕಿದ. ‘ಗುಂಯ್’ ಕೂಡ ಇಲ್ಲ. ಊರಿಗೆಲ್ಲ ಹೇಳಿದ ಪಾಠ ಆಗ ನೆನಪಾಯಿತು. ಮೇನ್ ಆಫ್ ಮಾಡಿ ಕೆಳಗಿನ ಮುಚ್ಚಳ ಬಿಚ್ಚಿದ. ತಂತಿಗಳು ಕೂಡುವ ಕಡೆ ಸುಟ್ಟು ಕರಿಕಾಗಿತ್ತು. ಕನೆಕ್ಟರ್ ಹಾಕದೆ, ಬರೀ ತಿರುಚಿ ಟೇಪು ಸುತ್ತಿದ್ದವನು ತಾನೇ. ಯಂತ್ರ ಕೂರಿಸಿದ ದಿನ ಊಟಕ್ಕೆ ಅವಸರವಾಗಿತ್ತು. “ತಣ್ಣಗಾಗುತ್ತೆ, ಬನ್ನಿ” ಎಂದು ಕರೆದವರು ಇದೇ ಅತ್ತೆ.

ತಂತಿ ಸಡಿಲ; ನಾಲಿಗೆ ಅದಕ್ಕಿಂತ ಸಡಿಲ.

ಸುಟ್ಟದ್ದನ್ನು ಕತ್ತರಿಸಿ, ಕನೆಕ್ಟರ್ ಹಾಕಿ ಬಿಗಿದ. ಗ್ರೈಂಡರ್ ತಿರುಗಿತು. ‘ರಿಪೇರಿ ಆಯ್ತು’ ಎಂದಷ್ಟೇ ಹೇಳಿ ಎದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದಕ್ಕೇ ಅವನ ಕಿವಿ ಬಿಸಿಯಾಯಿತು. ಕರಿಕಾದ ತುಂಡು ಹಿಡಿದು ಅತ್ತೆಯ ಮುಂದೆ ನಿಂತ.

“ತಪ್ಪು ನಂದೇ ಅತ್ತೆ. ಚಮಚ ಇರಲೇ ಇಲ್ಲ.”

“ಅವತ್ತೇ ಎಲ್ಲ ಚಮಚ ಎಣಿಸಿ ನೋಡಿದ್ದೆ. ಸರಿಯಾಗೇ ಇತ್ತು.”

“ಮತ್ತೆ ಹೇಳಬಾರದಿತ್ತಾ?”

“ನೀವು ಈ ಕೆಲಸ ಬಲ್ಲವರು. ನಾನು ಎಣಿಸಿದ್ದೇ ತಪ್ಪೇನೋ ಅಂದ್ಕೊಂಡೆ.”

ಬ್ಯಾಗನ್ನು ಟೆಸ್ಟರಣ್ಣನೇ ಒಳಗಿಟ್ಟ. ಊಟವಾದ ಮೇಲೆ ಅತ್ತೆ ಬಾಳೆಹಣ್ಣಿನ ಸಿಪ್ಪೆ ಹಿಡಿದು ಸಿಂಕಿನ ಬಳಿ ಬಂದರು. ಸ್ವಿಚ್ಚಿನ ಮೇಲೆ ಕೈಯಿಟ್ಟು, ತಿರುಗಿ ಕೇಳಿದರು:

“ಇದನ್ನ ಹಾಕಬಹುದಾ ಅಳಿಯಂದ್ರೆ?”

ಟೆಸ್ಟರಣ್ಣ ನೆಲ ನೋಡಿದ.

“ಹಾಕಿ ಅತ್ತೆ. ಕೇಳಬೇಡಿ.”